ಕ್ರಾಕೋವ್: ಹರಿದ ರಾಜ್ಯವನ್ನು ಹೊಲಿದ ಊರು

ಪೋಲೆಂಡಿನ ಕ್ರಾಕೋವ್ ನಗರದ ನಡುವೆ ಒಂದು ದೊಡ್ಡ ಚೌಕವಿದೆ. ಒಂದೊಂದು ಬದಿಯೂ ಸುಮಾರು 200 ಮೀಟರ್. ನೂಲು ಹಿಡಿದು ಗೆರೆ ಎಳೆದಂತೆ ಬೀದಿಗಳು ಅದರಿಂದ ಹೊರಡುತ್ತವೆ, ಮನೆಗಳು ಸಾಲಾಗಿ ನಿಂತಿವೆ. ಈ ಅಚ್ಚುಕಟ್ಟಿನ ಮಧ್ಯೆ ಎರಡು ಕಟ್ಟಡಗಳು ಮಾತ್ರ ಸಾಲಿಗೆ ಸೇರುವುದಿಲ್ಲ. ಈಶಾನ್ಯ ಮೂಲೆಯಲ್ಲಿರುವ ಸಂತ ಮೇರಿಯ ಚರ್ಚ್ ಓರೆಯಾಗಿ ನಿಂತಿದೆ. ಚೌಕದ ಒಳಗೇ ಇರುವ ಸಂತ ವೊಯ್ಚೆಖ್‌ನ ಪುಟ್ಟ ಚರ್ಚ್ ಕೂಡ ಹಾಗೆಯೇ. ಅದರ ಹಳೆಯ ನೆಲವಂತೂ ಈಗಿನ ಕಲ್ಲುಹಾಸಿಗಿಂತ ಬಹಳ ಕೆಳಗಿದೆ. ದಕ್ಷಿಣದ ಕಡೆ ಹೋಗುವ ಗ್ರೊದ್ಜ್‌ಕಾ ಬೀದಿಯೂ ಮೂಲೆಯಿಂದ ಅಡ್ಡಾದಿಡ್ಡಿಯಾಗಿ ಹೊರಟು ವಾವೆಲ್ ಗುಡ್ಡದ ಕೋಟೆಯ ಕಡೆಗೆ ಇಳಿಯುತ್ತದೆ.

ಕಟ್ಟಿದವರ ಲೆಕ್ಕ ತಪ್ಪಿದ್ದಲ್ಲ. ಈ ಚರ್ಚುಗಳು, ಈ ಬೀದಿ ಮೊದಲೇ ಅಲ್ಲಿದ್ದವು. ಚೌಕವೇ ಆಮೇಲೆ ಬಂದದ್ದು. 1257ರಲ್ಲಿ ಒಬ್ಬ ದೊರೆ ಹಳೆಯ ಊರಿನ ಮೇಲೆ ಹೊಸ ಊರಿನ ನಕ್ಷೆ ಹಾಸಿದ. ದೇವರ ಮನೆಗಳನ್ನು ಕೆಡವಲಾಗದೆ, ಕೋಟೆಯ ದಾರಿಯನ್ನು ತಿರುಗಿಸಲಾಗದೆ, ಅವುಗಳನ್ನು ಇದ್ದಂತೆ ಬಿಟ್ಟು ಸುತ್ತಲೂ ಗೆರೆ ಎಳೆದ. ಮಧ್ಯಯುಗದ ಪೋಲೆಂಡಿನ ಇತಿಹಾಸ ಓದಲು ಹೊರಟವರಿಗೆ ನಾನು ಮೊದಲು ತೋರಿಸುವುದು ಈ ಓರೆಯನ್ನೇ. ಏಕೆಂದರೆ ಆ ಇತಿಹಾಸವನ್ನು ರಾಜರ ಪಟ್ಟಿಯಾಗಿ ಓದಿದರೆ ತಲೆ ತಿರುಗುತ್ತದೆ. ಒಂದು ಊರನ್ನು ಹಿಡಿದುಕೊಂಡು ಓದಿದರೆ ದಾರಿ ಸಿಗುತ್ತದೆ.

ತಲೆ ತಿರುಗಲು ಮುಖ್ಯ ಕಾರಣ ಹೆಸರುಗಳು. ಪ್ಯಾಸ್ಟ್ ಎಂಬ ಒಂದೇ ವಂಶ 10ನೇ ಶತಮಾನದಿಂದ 1370ರವರೆಗೆ ಪೋಲೆಂಡನ್ನು ಆಳಿತು. ಆ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಅವೇ ನಾಲ್ಕಾರು ಹೆಸರು ಇಡುತ್ತಿದ್ದರು: ಬೊಲೆಸ್ವಾಫ್, ಮಿಯೆಶ್ಕೊ, ಕಜಿಮಿಯೆಶ್, ವ್ವಾದಿಸ್ವಾಫ್, ಹೆನ್ರಿಕ್. ಯಾರು ಯಾರೆಂದು ಗುರುತಿಸಲು ಜನ ಅಡ್ಡಹೆಸರು ಅಂಟಿಸಿದರು. ಅವು ನಮ್ಮ ಶಾಸನಗಳ ಬಿರುದುಗಳಂತೆ ಹೊಗಳಿಕೆಯವೇ ಆಗಿರಬೇಕಿಲ್ಲ. ಶೂರ ಬೊಲೆಸ್ವಾಫ್ ಇದ್ದಾನೆ, ಸೊಟ್ಟಬಾಯಿಯ ಬೊಲೆಸ್ವಾಫ್ ಇದ್ದಾನೆ, ಗುಂಗುರು ಕೂದಲಿನ ಬೊಲೆಸ್ವಾಫ್ ಇದ್ದಾನೆ, ನಾಚಿಕೆಯ ಬೊಲೆಸ್ವಾಫ್ ಕೂಡ ಇದ್ದಾನೆ. ಅಡ್ಡಹೆಸರನ್ನು ಬಿಡದೆ ಹಿಡಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಕ್ರಾಕೋವ್ ಇರುವುದು ವಿಸ್ವಾ ನದಿಯ ದಂಡೆಯಲ್ಲಿ. ನಾವು ಭೂಗೋಳದಲ್ಲಿ ವಿಸ್ಚುಲಾ ಎಂದು ಓದಿದ್ದು ಇದೇ ನದಿ. ದಂಡೆಯಲ್ಲಿ ವಾವೆಲ್ ಎಂಬ ಸುಣ್ಣಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಗುಹೆ, ಗುಹೆಯಲ್ಲಿ ಒಂದು ಕಾಲಕ್ಕೆ ಬೆಂಕಿಯುಗುಳುವ ಡ್ರ್ಯಾಗನ್ ಇತ್ತೆಂಬ ಕಥೆ. ಗಂಧಕ ತುಂಬಿದ ಚರ್ಮದ ದನಗಳನ್ನು ತಿನ್ನಿಸಿ ಅದನ್ನು ಕೊಂದರೆಂದು 1200ರ ಸುಮಾರಿಗೆ ಬರೆದ ಬಿಷಪ್ ವಿನ್ಸೆಂತಿ ಕದ್ಲುಬೆಕ್‌ನ ಚರಿತ್ರೆಯಲ್ಲೇ ಇದೆ. ಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಆ ಗುಡ್ಡಕ್ಕೆ ಬೆಲೆ ಇತ್ತು. ಕೀವ್‌ನಿಂದ ಪ್ರಾಗ್‌ಗೆ ಹೋಗುವ ವ್ಯಾಪಾರದ ದಾರಿಯೂ ಹಂಗೇರಿಯಿಂದ ಬಾಲ್ಟಿಕ್ ಕಡಲಿಗೆ ಹೋಗುವ ದಾರಿಯೂ ಅದರ ಬುಡದಲ್ಲೇ ಕೂಡುತ್ತಿದ್ದವು. ಸ್ಪೇನಿನ ತೊರ್ತೋಸಾದ ಯಹೂದಿ ಪ್ರವಾಸಿ ಇಬ್ರಾಹಿಂ ಇಬ್ನ್ ಯಾಕೂಬ್ 965ರ ಸುಮಾರಿಗೆ ಪ್ರಾಗ್‌ನ ಸಂತೆಯ ಬಗ್ಗೆ ಬರೆಯುತ್ತಾ, ಅಲ್ಲಿಗೆ ಕ್ರಾಕೋವ್‌ನಿಂದ ಸರಕು ಹೊತ್ತು ವರ್ತಕರು ಬರುತ್ತಾರೆ ಎನ್ನುತ್ತಾನೆ. ಊರಿನ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು ಹೀಗೆ, ಸಂತೆಯ ಮಾತಿನ ನಡುವೆ. ಆಗ ಅದು ಪೋಲೆಂಡಿನದ್ದೂ ಆಗಿರಲಿಲ್ಲ. ಚೆಕ್ ದೊರೆಯ ಕೈಯಲ್ಲಿತ್ತು.

ಪೋಲೆಂಡ್ ಎಂಬ ರಾಜ್ಯ ಹುಟ್ಟಿದ್ದು ಉತ್ತರದ ಬಯಲಿನಲ್ಲಿ, ಗ್ನಿಯೆಜ್ನೊ ಮತ್ತು ಪೊಜ್ನಾನ್ ಊರುಗಳ ಸುತ್ತ. ಅಲ್ಲಿನ ಒಡೆಯ ಮಿಯೆಶ್ಕೊ ಚೆಕ್ ರಾಜಕುಮಾರಿ ದೊಬ್ರಾವಾಳನ್ನು ಮದುವೆಯಾಗಿ 966ರಲ್ಲಿ ಕ್ರೈಸ್ತನಾದ. ಅವನ ಕಾಲದ ಕೊನೆಯ ಹೊತ್ತಿಗೆ ಕ್ರಾಕೋವ್ ಪ್ಯಾಸ್ಟರ ಕೈಗೆ ಬಂತು. ಮಗ ಶೂರ ಬೊಲೆಸ್ವಾಫ್ 1000ನೇ ಇಸವಿಯಲ್ಲಿ ಜರ್ಮನ್ ಚಕ್ರವರ್ತಿ ಮೂರನೇ ಒಟ್ಟೊನನ್ನು ಗ್ನಿಯೆಜ್ನೊಗೆ ಬರಮಾಡಿಕೊಂಡ. ಗ್ನಿಯೆಜ್ನೊ ಆರ್ಚ್‌ಬಿಷಪ್‌ನ ಪೀಠವಾಯಿತು. ಕ್ರಾಕೋವ್‌ಗೆ ಸಿಕ್ಕಿದ್ದು ಅದರ ಕೈಕೆಳಗಿನ ಬಿಷಪ್‌ನ ಪೀಠ. 1025ರಲ್ಲಿ ಬೊಲೆಸ್ವಾಫ್ ಪೋಲೆಂಡಿನ ಮೊದಲ ರಾಜನಾಗಿ ಕಿರೀಟ ಧರಿಸಿ, ಅದೇ ವರ್ಷ ತೀರಿಕೊಂಡ.

ಆ ರಾಜ್ಯ ಅವನ ಹಿಂದೆಯೇ ಕುಸಿಯಿತು. ಮಗನ ಕಾಲದಲ್ಲಿ ದಾಯಾದಿಗಳ ಜಗಳ, ಹೊರಗಿನವರ ದಾಳಿ, ಹಳೆಯ ದೈವಗಳ ಕಡೆಗೆ ಮತ್ತೆ ತಿರುಗಿದ ಜನರ ದಂಗೆ. 1039ರ ಸುಮಾರಿಗೆ ಚೆಕ್ ದೊರೆ ಬ್ರೆಟಿಸ್ಲಾವ್ ನುಗ್ಗಿ ಗ್ನಿಯೆಜ್ನೊವನ್ನು ದೋಚಿ, ಸಂತ ವೊಯ್ಚೆಖ್‌ನ ಅಸ್ಥಿಗಳನ್ನೂ ಹೊತ್ತೊಯ್ದ. ಗ್ನಿಯೆಜ್ನೊ ಮತ್ತು ಪೊಜ್ನಾನ್‌ನ ಕೆಥೆಡ್ರಲ್‌ಗಳ ಒಳಗೆ ಕಾಡುಮೃಗಗಳು ಮರಿ ಹಾಕಿದ್ದವೆಂದು ಪೋಲೆಂಡಿನ ಮೊದಲ ಚರಿತ್ರೆಕಾರ, ಗಲ್ಲುಸ್ ಎಂದು ಕರೆಯಲಾಗುವ ಅನಾಮಧೇಯ ಸನ್ಯಾಸಿ, ಬರೆದಿಟ್ಟಿದ್ದಾನೆ. ದೇಶ ಬಿಟ್ಟು ಓಡಿದ್ದ ಮೊಮ್ಮಗ ಕಜಿಮಿಯೆಶ್ ತಿರುಗಿ ಬಂದು ಎಲ್ಲವನ್ನೂ ಮತ್ತೆ ಕಟ್ಟಿದ. ಅವನನ್ನು ಪೋಲಿಷ್ ಜನ ಜೀರ್ಣೋದ್ಧಾರಕ ಎನ್ನುತ್ತಾರೆ. ಇಡೀ ಪಟ್ಟಿಯಲ್ಲಿ ಇಷ್ಟು ಸರಿಯಾಗಿ ಒಪ್ಪುವ ಹೆಸರು ಇನ್ನೊಂದಿಲ್ಲ. ಹಾಳು ಬಿದ್ದ ಉತ್ತರದಲ್ಲಿ ಅವನು ನೆಲೆ ನಿಲ್ಲಲಿಲ್ಲ. ಅಷ್ಟಾಗಿ ಪೆಟ್ಟು ತಿನ್ನದ ಕ್ರಾಕೋವ್‌ನ ಗುಡ್ಡವನ್ನು ಆರಿಸಿಕೊಂಡ. ರಾಜಧಾನಿ ಎಂದು ಯಾರೂ ಡಂಗುರ ಸಾರಲಿಲ್ಲ. ದೊರೆ ಇರುವ ಕಡೆ ಊರು ಬೆಳೆಯಿತು, ಅಷ್ಟೇ.

ಕ್ರಾಕೋವ್‌ನ ಕಥೆಗೆ ಪ್ರಾಣ ಬರುವುದು ಒಂದು ಕೊಲೆಯಿಂದ. ಜೀರ್ಣೋದ್ಧಾರಕನ ಮಗ ಎದೆಗಾರ ಬೊಲೆಸ್ವಾಫ್ 1076ರಲ್ಲಿ ರಾಜನಾದ. ಮೂರು ವರ್ಷಕ್ಕೆ, 1079ರಲ್ಲಿ, ಕ್ರಾಕೋವ್‌ನ ಬಿಷಪ್ ಸ್ತನಿಸ್ವಾಫ್‌ನನ್ನು ಕೊಲ್ಲಿಸಿದ. ಏಕೆಂಬುದಕ್ಕೆ ಎರಡು ಬಾಯಿ. ಘಟನೆಗೆ ಹತ್ತಿರದ ಕಾಲದವನಾದ ಗಲ್ಲುಸ್ ಬಿಷಪ್‌ನನ್ನು ದ್ರೋಹಿ ಎನ್ನುತ್ತಾನೆ, ರಾಜನ ಕ್ರೌರ್ಯವನ್ನೂ ಒಪ್ಪುವುದಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಬರೆದ ಕದ್ಲುಬೆಕ್ ರಾಜನ ಅನ್ಯಾಯವನ್ನು ಎದುರಿಸಿ ನಿಂತ ಹುತಾತ್ಮನನ್ನು ಚಿತ್ರಿಸುತ್ತಾನೆ. ರಾಜ ತಾನೇ ಬಂದು ಪೂಜಾಪೀಠದ ಎದುರು ಕೊಂದನಂತೆ. ಕೊಂದ ಜಾಗ ಸ್ಕಾಲ್ಕಾ ಎಂಬ ನದಿದಂಡೆಯ ಬಂಡೆಯ ಮೇಲಿನ ಚರ್ಚ್ ಎಂಬುದು ನಂಬಿಕೆ. ಸಿಂಹಾಸನ ಕಳೆದುಕೊಂಡ ರಾಜ ಹಂಗೇರಿಗೆ ಓಡಿಹೋಗಿ ಅಲ್ಲೇ ಸತ್ತ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕಡಿದು ಚೆಲ್ಲಿದ ಬಿಷಪ್‌ನ ದೇಹದ ತುಂಡುಗಳನ್ನು ಹದ್ದುಗಳು ಕಾದವು, ಆಮೇಲೆ ಆ ತುಂಡುಗಳು ತಾವಾಗಿ ಕೂಡಿಕೊಂಡು ದೇಹ ಮೊದಲಿನಂತಾಯಿತು ಎಂದು ಜನ ಹೇಳತೊಡಗಿದರು. ಈ ಕೂಡುವ ದೇಹದ ಕಥೆಯನ್ನು ನೆನಪಿನಲ್ಲಿಡಿ. ಮುಂದೆ ಅದು ಒಂದು ರಾಜ್ಯದ ಕೆಲಸಕ್ಕೆ ಬರುತ್ತದೆ.

ಈಗ ಎಲ್ಲಕ್ಕಿಂತ ಸಿಕ್ಕಾದ ಗಂಟು: 1138ರ ಪಾಲುಪಟ್ಟಿ. ಸೊಟ್ಟಬಾಯಿಯ ಬೊಲೆಸ್ವಾಫ್ ಬಲಶಾಲಿ ದೊರೆ. ಬಾಲ್ಟಿಕ್ ಕಡಲಿನವರೆಗೆ ಗಡಿ ಚಾಚಿದವನು. ಅವನೂ ಮಲಅಣ್ಣನ ಜತೆ ಹೋರಾಡಿ, ಅವನ ಕಣ್ಣು ಕೀಳಿಸಿಯೇ ಪಟ್ಟ ಉಳಿಸಿಕೊಂಡಿದ್ದ. ತನ್ನ ಮಕ್ಕಳು ಹಾಗೆ ಬಡಿದಾಡಬಾರದೆಂದು ಸಾಯುವ ಮುಂಚೆ ರಾಜ್ಯ ಹಂಚಿಟ್ಟ. ಹಿರಿಯ ವ್ವಾದಿಸ್ವಾಫ್‌ಗೆ ಸೈಲೀಷಿಯಾ, ಗುಂಗುರು ಕೂದಲಿನ ಬೊಲೆಸ್ವಾಫ್‌ಗೆ ಮಜೋವಿಯಾ, ಮಿಯೆಶ್ಕೊಗೆ ಪೊಜ್ನಾನ್‌ನ ಸೀಮೆ, ಹೆನ್ರಿಕ್‌ಗೆ ಸಂದೊಮಿಯೆಶ್. ಕೊನೆಯ ಮಗ ಕಜಿಮಿಯೆಶ್ ಕೂಸು. ಅವನಿಗೆ ಏನೂ ಇಲ್ಲ. ಕೂಸಿಗೆ ಏನು ಕೊಟ್ಟಿರೆಂದು ಕೇಳಿದಾಗ, ಗಾಡಿಗೆ ನಾಲ್ಕು ಚಕ್ರವಾದರೆ ಅದರ ಮೇಲೆ ಕೂರುವವನೊಬ್ಬ ಬೇಕಲ್ಲ ಎಂದು ತಂದೆ ಉತ್ತರಿಸಿದನೆಂಬ ಕಥೆಯಿದೆ. ಆ ಕೂಸೇ ಮುಂದೆ ಗಾಡಿ ಏರಿದ್ದರಿಂದ ಹುಟ್ಟಿದ ಕಥೆ ಅದೆಂದು ಊಹಿಸುವುದು ಕಷ್ಟವಲ್ಲ.

ಪಾಲು ಮಾಡಿದ್ದು ಹೊಸದೇನಲ್ಲ. ಆ ಕಾಲದ ಅನೇಕ ಮನೆತನಗಳಲ್ಲಿ ರಾಜ್ಯವೆಂದರೆ ಕುಟುಂಬದ ಆಸ್ತಿಯೇ. ಹೊಸದು ಇನ್ನೊಂದಿತ್ತು. ಕ್ರಾಕೋವ್ ಮತ್ತು ಅದರ ಸುತ್ತಲಿನ ನಾಡನ್ನು ಯಾರ ಪಾಲಿಗೂ ಸೇರಿಸದೆ, ಮನೆತನದಲ್ಲಿ ವಯಸ್ಸಿನಲ್ಲಿ ಹಿರಿಯನಾದವನು ಅದನ್ನು ಅನುಭವಿಸಬೇಕೆಂದು ಬೊಲೆಸ್ವಾಫ್ ಗೊತ್ತುಮಾಡಿದ. ಒಟ್ಟು ಕುಟುಂಬ ಹಿಸೆಯಾದರೂ ದೊಡ್ಡಮನೆ ಮಾತ್ರ ಯಜಮಾನನಿಗೆ ಎಂದಂತೆ. ಕ್ರಾಕೋವ್ ಯಾರ ಕೈಯಲ್ಲಿದೆಯೋ ಅವನೇ ಉಳಿದವರ ಮೇಲಿನ ಯಜಮಾನ. ಅವನು ಸತ್ತರೆ ಊರು ಅವನ ಮಗನಿಗಲ್ಲ, ಮುಂದಿನ ಹಿರಿಯನಿಗೆ.

ಲೆಕ್ಕದಲ್ಲಿ ಇದು ಜಾಣತನವೇ. ಆದರೆ ತಾನು ಆಳಿದ ಕೋಟೆಯನ್ನು ಮಗನಿಗೆ ಬಿಟ್ಟುಹೋಗಲಾಗದ ತಂದೆ ಆ ನಿಯಮವನ್ನು ಮುರಿಯಲು ನೋಡದೆ ಇರುತ್ತಾನೆಯೇ? ಹಿರಿಯ ವ್ವಾದಿಸ್ವಾಫ್ ತಮ್ಮಂದಿರ ಪಾಲನ್ನೂ ನುಂಗಲು ಹೋದ. 1146ರಲ್ಲಿ ತಮ್ಮಂದಿರು ಅವನನ್ನು ದೇಶದಿಂದಲೇ ಓಡಿಸಿದರು. ಆಮೇಲೆ ಗುಂಗುರು ಕೂದಲಿನವನು ಆಳಿದ, ಅವನ ನಂತರ ಮಿಯೆಶ್ಕೊ. ಮಿಯೆಶ್ಕೊ ಬಿಗಿ ಹಿಡಿತದವನು. ಕ್ರಾಕೋವ್‌ನ ಸರದಾರರು ಮತ್ತು ಬಿಷಪ್ 1177ರಲ್ಲಿ ಅವನನ್ನು ಇಳಿಸಿ ಕೂಸಾಗಿದ್ದ ಕಜಿಮಿಯೆಶ್‌ನನ್ನು, ಈಗ ನ್ಯಾಯವಂತ ಎನಿಸಿಕೊಂಡವನನ್ನು, ಕರೆತಂದರು. ವಯಸ್ಸಿನ ನಿಯಮ ಅಲ್ಲಿಗೆ ಮಣ್ಣುಗೂಡಿತು. ಈ ಬದಲಾವಣೆಯನ್ನು ಗಮನಿಸಬೇಕು: ಕ್ರಾಕೋವ್‌ಗೆ ಯಾರು ಎಂಬುದನ್ನು ಈಗ ಊರಿನ ದೊಡ್ಡವರೇ ತೀರ್ಮಾನಿಸುತ್ತಿದ್ದರು. ಮುಂದಿನ ನೂರು ವರ್ಷಗಳ ಪ್ಯಾಸ್ಟ್ ದಾಯಾದಿಗಳ ಯುದ್ಧಗಳೆಲ್ಲ ಒಂದೇ ಬಾಗಿಲು ತಟ್ಟುವ ಯುದ್ಧಗಳು; ಆ ಬಾಗಿಲು ವಾವೆಲ್ ಕೋಟೆಯದು.

ಪಾಲಿನಲ್ಲಿ ಮತ್ತೆ ಪಾಲಾಗಿ ಪೋಲೆಂಡ್ ಚೂರು ಚೂರಾಯಿತು. ರಾಜ ಎಂಬ ಪದವಿಯೇ ಇಲ್ಲವಾಯಿತು. ಇದ್ದವರೆಲ್ಲ ಬರಿಯ ಡ್ಯೂಕರು. ಚೂರಾದ ಮನೆಗೆ ಹೊರಗಿನವರು ಬರುವುದು ಸುಲಭ. ಮಜೋವಿಯಾದ ಕೊನ್ರಾದ್ ತನ್ನ ಗಡಿ ಕಾಯಲೆಂದು ಟ್ಯೂಟಾನಿಕ್ ಎಂಬ ಜರ್ಮನ್ ಯೋಧ ಸನ್ಯಾಸಿಗಳನ್ನು 1226ರಲ್ಲಿ ಕರೆಸಿಕೊಂಡ. ಅವರು ಮುಂದೆ ಇನ್ನೂರು ವರ್ಷ ಪೋಲೆಂಡಿನ ಮಗ್ಗುಲ ಮುಳ್ಳಾದರು. 1241ರ ಮಾರ್ಚ್‌ನಲ್ಲಿ ಮಂಗೋಲರು ಬಂದರು. ಕ್ರಾಕೋವ್ ಸುಟ್ಟುಹೋಯಿತು. ಗ್ರೊದ್ಜ್‌ಕಾ ಬೀದಿಯ ಸಂತ ಆಂದ್ರೆಯ ಚರ್ಚ್, ದಪ್ಪ ಗೋಡೆ ಮತ್ತು ಬಾಣ ಬಿಡುವಷ್ಟೇ ಕಿಂಡಿಗಳಿದ್ದ ಕಾರಣ, ಒಳಗೆ ಸೇರಿಕೊಂಡವರನ್ನು ಉಳಿಸಿತು. ಏಪ್ರಿಲ್ 9ರಂದು ಲೆಗ್ನಿತ್ಸಾದ ಬಯಲಿನಲ್ಲಿ ಎದುರಿಸಿದ ಹೆನ್ರಿಕ್, ಆಗ ಕ್ರಾಕೋವ್‌ನ ಒಡೆಯ, ತಲೆ ಕಳೆದುಕೊಂಡ.

ಇಂದಿಗೂ ಸಂತ ಮೇರಿಯ ಚರ್ಚಿನ ಎತ್ತರದ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೆ ತುತ್ತೂರಿ ಊದುತ್ತಾರೆ. ರಾಗ ಮಧ್ಯದಲ್ಲೇ ಥಟ್ಟನೆ ನಿಲ್ಲುತ್ತದೆ. ದಾಳಿಯ ಎಚ್ಚರಿಕೆ ಊದುತ್ತಿದ್ದ ಕಾವಲುಗಾರನ ಕೊರಳಿಗೆ ಮಂಗೋಲರ ಬಾಣ ನಾಟಿದ್ದರಿಂದ ಎಂದು ಪ್ರವಾಸಿಗಳಿಗೆ ಹೇಳುತ್ತಾರೆ. ಮಧ್ಯಯುಗದ ಯಾವ ಬರಹದಲ್ಲೂ ಈ ಕಥೆ ಇಲ್ಲ. 20ನೇ ಶತಮಾನದಲ್ಲಿ ಹರಡಿದ್ದು. ಊದುವವರು ಅಗ್ನಿಶಾಮಕ ದಳದವರು. ಬೆಂಕಿ ಕಂಡರೆ ಊರನ್ನು ಎಬ್ಬಿಸುವುದು ಗೋಪುರದ ಕಾವಲುಗಾರನ ಹಳೆಯ ಕೆಲಸವಾದ್ದರಿಂದ ಅದು ಸರಿಯಾಗಿಯೇ ಇದೆ.

ಬೂದಿಯ ಮೇಲೆ ಊರು ಕಟ್ಟಿದವನು ನಾಚಿಕೆಯ ಬೊಲೆಸ್ವಾಫ್. ಹೆಂಡತಿ ಕಿಂಗಾ ಹಂಗೇರಿಯ ರಾಜಪುತ್ರಿ. ಇಬ್ಬರೂ ಬ್ರಹ್ಮಚರ್ಯದ ವ್ರತ ಹಿಡಿದಿದ್ದರು. ಆ ಹೆಸರು ಬಂದದ್ದು ಅದರಿಂದ. 1257ರ ಜೂನ್ 5ರಂದು ಅವನು, ಅವನ ತಾಯಿ ಮತ್ತು ಹೆಂಡತಿ ಸೇರಿ ಕ್ರಾಕೋವ್‌ಗೆ ಮಾಗ್ಡೆಬುರ್ಗ್ ಕಾನೂನಿನ ಸನ್ನದು ಕೊಟ್ಟರು. ಮಾಗ್ಡೆಬುರ್ಗ್ ಎಂಬುದು ಒಂದು ಜರ್ಮನ್ ನಗರ. ಅಲ್ಲಿನ ಕಟ್ಟುಕಟ್ಟಳೆಗಳನ್ನು ಸಿದ್ಧ ಮಾದರಿಯಾಗಿ ಪೂರ್ವ ಯುರೋಪಿನ ನೂರಾರು ಊರುಗಳು ತೆಗೆದುಕೊಂಡವು. ಊರಿನವರು ದೊರೆಯ ಅಧಿಕಾರಿಯ ಕೈಕೆಳಗಲ್ಲ, ತಮ್ಮದೇ ನ್ಯಾಯಾಲಯದ ಕೆಳಗೆ ಬರುತ್ತಾರೆ. ಮನೆಯ ನಿವೇಶನ ಮಕ್ಕಳಿಗೆ ಹೋಗುತ್ತದೆ. ದೊರೆಗೆ ಬಿಟ್ಟಿ ಚಾಕರಿಯ ಬದಲು ಗೊತ್ತಾದ ಕಂದಾಯ. ಊರು ಕಟ್ಟುವ ಗುತ್ತಿಗೆ ವೊಯ್ತ್ ಎಂಬ ಮುಖ್ಯಸ್ಥರದು; ಕ್ರಾಕೋವ್‌ಗೆ ಅಂಥವರು ಮೂವರು. ಅವರು ಜನರನ್ನು ಕರೆತಂದು ಅಳೆದು ನಿವೇಶನ ಹಂಚುತ್ತಾರೆ, ಪ್ರತಿಯಾಗಿ ಮುಖ್ಯಸ್ಥನ ಹಕ್ಕು ಅವರ ವಂಶಕ್ಕೆ ನಿಲ್ಲುತ್ತದೆ. ಆ ಚೌಕ, ಆ ನೇರ ಬೀದಿಗಳು, ಆ ಓರೆ ಚರ್ಚುಗಳು ಈ ಕಾಗದದ ಫಲ.

ಸನ್ನದಿನಲ್ಲಿ ಒಂದು ಕಹಿ ಮಾತೂ ಇದೆ. ದೊರೆಯ, ಚರ್ಚಿನ ಅಥವಾ ಬೇರೆ ಒಡೆಯರ ಹೊಲ ಬಿಟ್ಟು ಬರುವ ಪೋಲಿಷ್ ಜನರನ್ನು ಊರಿನ ಪ್ರಜೆಗಳಾಗಿ ಸೇರಿಸಿಕೊಳ್ಳುವಂತಿಲ್ಲ. ಹೊಸ ಊರಿನ ಸ್ವಾತಂತ್ರ್ಯ ಕಂಡು ಹಳ್ಳಿಗಳು ಬರಿದಾದರೆ ಉಳುವವರು ಯಾರು ಎಂಬುದು ದೊರೆಯ ಚಿಂತೆ. ಫಲವಾಗಿ ಪೋಲೆಂಡಿನ ದೊಡ್ಡ ಊರು ಬಹುಪಾಲು ಜರ್ಮನ್ ಮಾತನಾಡುವ ವರ್ತಕರ ಊರಾಯಿತು. ಈ ಒಂದು ಷರತ್ತು 55 ವರ್ಷ ಕಳೆದ ಮೇಲೆ ರಕ್ತ ಹರಿಸಿತು.

ಸನ್ನದಿಗೆ ನಾಲ್ಕು ವರ್ಷ ಮುಂಚೆ, 1253ರಲ್ಲಿ, ಪೋಪ್ ನಾಲ್ಕನೇ ಇನ್ನೊಸೆಂಟ್ ಇಟಲಿಯ ಅಸ್ಸೀಸಿಯಲ್ಲಿ ಬಿಷಪ್ ಸ್ತನಿಸ್ವಾಫ್‌ನನ್ನು ಸಂತನೆಂದು ಘೋಷಿಸಿದ್ದ. ಆ ಹೊತ್ತಿಗೆ ಸಂತನ ಚರಿತ್ರೆ ಬರೆದ ಸನ್ಯಾಸಿ ಹಳೆಯ ಕಥೆಗೆ ಹೊಸ ಅರ್ಥ ಕೊಟ್ಟ. ರಾಜ ಬಿಷಪ್‌ನ ದೇಹವನ್ನು ತುಂಡರಿಸಿದ ಪಾಪಕ್ಕೆ ದೇವರು ರಾಜ್ಯವನ್ನು ತುಂಡರಿಸಿದ. ಆ ದೇಹ ಕೂಡಿಕೊಂಡಂತೆ ಒಂದು ದಿನ ರಾಜ್ಯವೂ ಕೂಡಿಕೊಳ್ಳುತ್ತದೆ. ಸೈನ್ಯ, ಖಜಾನೆ, ಕಿರೀಟ ಯಾವುದೂ ಇಲ್ಲದ ಕಾಲದಲ್ಲಿ ಒಂದು ನಾಡಿಗೆ ತಾನು ಒಂದೇ ಎಂದು ನೆನಪಿಸಿದ್ದು ಈ ಕಥೆ. ಕಥೆಗಳಿಗೆ ಇಂಥ ಬಲವಿದೆ ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕೂಡಿಸುವ ಮೊದಲ ಪ್ರಯತ್ನಗಳು ನಿಲ್ಲಲಿಲ್ಲ. 1295ರಲ್ಲಿ ಗ್ನಿಯೆಜ್ನೊದಲ್ಲಿ ಕಿರೀಟ ಧರಿಸಿದ ಎರಡನೇ ಪ್ಶೆಮಿಸ್ವ್ ಮರುವರ್ಷವೇ ಕೊಲೆಯಾದ. 1300ರಲ್ಲಿ ಚೆಕ್ ರಾಜ ವಾತ್ಸ್ವಾಫ್ ಪೋಲೆಂಡಿನ ಕಿರೀಟವನ್ನೂ ತಲೆಗೇರಿಸಿಕೊಂಡ. ಅವನಿಂದ ಸೋತು ದೇಶ ಬಿಟ್ಟವನು ಒಬ್ಬ ಸಣ್ಣ ಪ್ಯಾಸ್ಟ್ ಡ್ಯೂಕ್, ವ್ವಾದಿಸ್ವಾಫ್. ಅಡ್ಡಹೆಸರು ವೊಕಿಯೆತೆಕ್, ಅಂದರೆ ಮೊಳದುದ್ದದವನು, ಗಿಡ್ಡನಿದ್ದನೆಂದು ಕಾಣುತ್ತದೆ. ಕ್ರಾಕೋವ್ ಹತ್ತಿರದ ಓಯ್ತ್ಸುಫ್ ಕಣಿವೆಯ ಗುಹೆಯೊಂದನ್ನು ಅವನು ಅಡಗಿದ್ದ ಗುಹೆ ಎಂದು ತೋರಿಸುತ್ತಾರೆ. ಗುಹೆಯ ಬಾಯಿಗೆ ಜೇಡ ಬಲೆ ನೇಯ್ದದ್ದರಿಂದ ಹುಡುಕಿ ಬಂದವರು ಹಿಂತಿರುಗಿದರಂತೆ. ಹಂಗೇರಿಯವರ ನೆರವು ಹಿಡಿದು ತಿರುಗಿ ಬಂದ ಅವನು, 1305ರಲ್ಲಿ ವಾತ್ಸ್ವಾಫ್ ಸತ್ತು ಮರುವರ್ಷ ಅವನ ಮಗನೂ ಕೊಲೆಯಾದಾಗ, ಕ್ರಾಕೋವ್‌ಗೆ ಕಾಲಿಟ್ಟ.

ಊರಿನ ವರ್ತಕರಿಗೆ ಅವನು ಬೇಕಿರಲಿಲ್ಲ. ಪ್ರಾಗ್‌ನ ಆಳ್ವಿಕೆಯಲ್ಲಿ ವ್ಯಾಪಾರಕ್ಕೆ ಗಡಿ ಇರಲಿಲ್ಲ, ಗಟ್ಟಿ ಬೆಳ್ಳಿಯ ನಾಣ್ಯ ಕೈಗೆ ಬರುತ್ತಿತ್ತು. ಈ ಗಿಡ್ಡ ದೊರೆ ಕೇಳುವುದು ಯುದ್ಧಕ್ಕೆ ತೆರಿಗೆ. 1311ರಲ್ಲಿ ವೊಯ್ತ್ ಆಲ್ಬರ್ಟ್ ಬಂಡೆದ್ದು ಸೈಲೀಷಿಯಾದ ಓಪೊಲೆಯ ಡ್ಯೂಕ್ ಬೊಲೆಸ್ವಾಫ್‌ನನ್ನು ಊರೊಳಗೆ ಬರಮಾಡಿಕೊಂಡ. ಆದರೆ ವಾವೆಲ್ ಕೋಟೆ ವೊಕಿಯೆತೆಕ್‌ನ ಕಡೆಯವರ ಕೈಯಲ್ಲೇ ಉಳಿಯಿತು. ಚೌಕದ ಊರು ಒಂದು ಕಡೆ, ಗುಡ್ಡದ ಕೋಟೆ ಇನ್ನೊಂದು ಕಡೆ. ಸುಮಾರು ಒಂದು ವರ್ಷದ ಮೇಲೆ, 1312ರ ಜೂನ್‌ನಲ್ಲಿ, ಊರು ಶರಣಾಯಿತು. ಶಿಕ್ಷೆ ಭೀಕರವಾಗಿತ್ತು. ಮುಂದಾಳುಗಳನ್ನು ಕುದುರೆಗೆ ಕಟ್ಟಿ ಬೀದಿಗಳಲ್ಲಿ ಎಳೆಸಿ ಗಲ್ಲಿಗೇರಿಸಿದರು. ಒಂದು ಹಳೆಯ ಚರಿತ್ರೆಯ ಪ್ರಕಾರ ಜನರನ್ನು ನಾಲ್ಕು ಪದ ನುಡಿಯಲು ಹೇಳಿದರು: ಸೊಚೆವಿತ್ಸಾ, ಕೊವೊ, ಮಿಯೆಲೆ, ಮ್ವಿನ್. ಮಸೂರ ಬೇಳೆ, ಚಕ್ರ, ಬೀಸುತ್ತದೆ, ಗಿರಣಿ. ಮೂರು ಹೊತ್ತು ಅಡುಗೆಮನೆಯಲ್ಲಿ ಓಡಾಡುವ ಪದಗಳು. ಜರ್ಮನ್ ನಾಲಿಗೆಗೆ ಹೊರಳದ ಆ ಸದ್ದುಗಳಲ್ಲಿ ತಡವರಿಸಿದವನ ಜೀವ ಹೋಯಿತು.

ಈ ಚರಿತ್ರೆ ಎಷ್ಟು ಅಕ್ಷರಶಃ ನಿಜವೋ, ನಗರಸಭೆಯ ಪುಸ್ತಕದಲ್ಲಿ ಮಾತ್ರ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಅಲ್ಲಿಯವರೆಗೆ ಜರ್ಮನ್‌ನಲ್ಲಿದ್ದ ದಾಖಲೆ 1312ರಲ್ಲಿ ಲ್ಯಾಟಿನ್‌ಗೆ ತಿರುಗಿತು. ವಂಶಪಾರಂಪರ್ಯದ ವೊಯ್ತ್ ಹುದ್ದೆ ಹೋಯಿತು. ದೇಶ ಕೂಡಿಸಿದವನೆಂದು ನಾವು ವೊಕಿಯೆತೆಕ್‌ನನ್ನು ಮೆಚ್ಚುವಾಗ ಈ ನಾಲ್ಕು ಪದಗಳನ್ನೂ ಮರೆಯಬಾರದೆಂದು ನನಗನ್ನಿಸುತ್ತದೆ. ಕೂಡಿಸುವ ಸೂಜಿ ಚುಚ್ಚದೆ ಒಳಗೆ ಹೋಗಲಿಲ್ಲ.

1320ರ ಜನವರಿ 20ರಂದು ವಾವೆಲ್‌ನ ಕೆಥೆಡ್ರಲ್‌ನಲ್ಲಿ ವೊಕಿಯೆತೆಕ್ ಮತ್ತು ಹೆಂಡತಿ ಯಾದ್ವಿಗಾಗೆ ಪಟ್ಟವಾಯಿತು. ಹಿಂದಿನ ಪಟ್ಟಾಭಿಷೇಕಗಳ ಊರು ಗ್ನಿಯೆಜ್ನೊ. ಕ್ರಾಕೋವ್‌ನಲ್ಲಿ ಇದೇ ಮೊದಲು. ಅಲ್ಲಿ ಎತ್ತಿದ ಶ್ಚೆರ್ಬಿಯೆತ್ಸ್ ಎಂಬ ಖಡ್ಗ ಇಂದಿಗೂ ವಾವೆಲ್‌ನ ಖಜಾನೆಯಲ್ಲಿದೆ. ಶೂರ ಬೊಲೆಸ್ವಾಫ್ 1018ರಲ್ಲಿ ಕೀವ್‌ನ ಚಿನ್ನದ ಬಾಗಿಲಿಗೆ ಬಡಿದು ಅದಕ್ಕೆ ಕಚ್ಚು ಬಿತ್ತೆಂದು ಕಥೆ. ಆದರೆ ಆ ಬಾಗಿಲು ಕಟ್ಟಿದ್ದೇ ಆಮೇಲೆ, ಖಡ್ಗ 13ನೇ ಶತಮಾನದ ಸುಮಾರಿನದು. ಪಕ್ಕದ ಪ್ರಾಗ್‌ನ ರಾಜ ಯಾನ್ ಪೋಲೆಂಡಿನ ಕಿರೀಟ ತನ್ನದೆಂದು ಹಟ ಹಿಡಿದು, ವೊಕಿಯೆತೆಕ್‌ನನ್ನು ಬರಿಯ ಕ್ರಾಕೋವ್‌ನ ರಾಜ ಎಂದೇ ಕರೆಯುತ್ತಿದ್ದ. ಹೀಗಳೆಯಲು ಆಡಿದ ಮಾತಾದರೂ ಅದರಲ್ಲಿ ಒಂದು ಸತ್ಯವಿತ್ತು: ಕ್ರಾಕೋವ್ ಸಿಕ್ಕಿದವನಿಗೆ ಮಾತ್ರ ಉಳಿದದ್ದು ಸಿಗುವಂತಿತ್ತು. ಸೈಲೀಷಿಯಾ ಅವನಿಗೆ ಸಿಗಲೇ ಇಲ್ಲ, ಬಾಲ್ಟಿಕ್ ದಂಡೆ ಕೈಯಲ್ಲಿ ಉಳಿಯಲಿಲ್ಲ. 1333ರಲ್ಲಿ ಸತ್ತ ಅವನನ್ನು ವಾವೆಲ್‌ನಲ್ಲೇ ಹೂಳಿದರು. ಮುಂದಿನ ರಾಜರ ಗೋರಿಗಳ ಸಾಲು ಅಲ್ಲಿಂದ ಶುರುವಾಯಿತು.

ತಂದೆ ಕತ್ತಿಯಿಂದ ಹಿಡಿದದ್ದನ್ನು ಮಗ ಕಜಿಮಿಯೆಶ್ ಹಣದಿಂದ, ಕಾಗದದಿಂದ ಗಟ್ಟಿ ಮಾಡಿದ. ಪ್ಯಾಸ್ಟ್ ರಾಜರಲ್ಲಿ ಮಹಾ ಎನಿಸಿಕೊಂಡವನು ಇವನೊಬ್ಬನೇ. 1335ರಲ್ಲಿ 20 ಸಾವಿರ ಕೊಪ ಪ್ರಾಗ್ ಬೆಳ್ಳಿನಾಣ್ಯಕ್ಕೆ ಯಾನ್‌ನಿಂದ ಪೋಲೆಂಡಿನ ಹಕ್ಕನ್ನು ಕೊಂಡುಕೊಂಡ. ಕೊಪ ಎಂದರೆ 60. ಒಟ್ಟು 12 ಲಕ್ಷ ನಾಣ್ಯ. ಅಷ್ಟು ಹಣ ಎಲ್ಲಿಂದ ಬರಬೇಕು? ಉಪ್ಪಿನಿಂದ. ಕ್ರಾಕೋವ್‌ಗೆ ಹತ್ತಿರದಲ್ಲೇ ಇರುವ ವಿಯೆಲಿಚ್ಕಾ ಮತ್ತು ಸ್ವಲ್ಪ ಆಚೆಯ ಬೊಖ್ನ್ಯಾದಲ್ಲಿ ನೆಲದೊಳಗೆ ಬಂಡೆಯುಪ್ಪಿದೆ. ಕಿಂಗಾ ಹಂಗೇರಿಯ ಗಣಿಯಲ್ಲಿ ಎಸೆದು ಬಂದ ಉಂಗುರ ಇಲ್ಲಿನ ಮೊದಲ ಉಪ್ಪಿನ ಗಟ್ಟಿಯೊಳಗೆ ಸಿಕ್ಕಿತೆಂದು ಗಣಿಯವರು ಹೇಳುತ್ತಾರೆ. ಕಡಲು ದೂರವಿದ್ದು, ಮಾಂಸ, ಮೀನು ಕೆಡದಂತಿಡಲು ಉಪ್ಪಲ್ಲದೆ ಗತಿಯಿಲ್ಲದ ನಾಡಿನಲ್ಲಿ ಉಪ್ಪಿನ ಒಡೆತನ ರಾಜನದ್ದಾದರೆ ಅದೇ ಖಜಾನೆ. ಕಜಿಮಿಯೆಶ್‌ನ ಆದಾಯದ ಸುಮಾರು ಮೂರನೇ ಒಂದು ಪಾಲು ಉಪ್ಪಿನದು. ಗಣಿಯ ಆಡಳಿತಕ್ಕೆ 1368ರಲ್ಲಿ ಲಿಖಿತ ಕಟ್ಟಳೆ ಮಾಡಿಸಿದ.

ಆ ಹಣ ಕಲ್ಲಾಯಿತು, ಇಟ್ಟಿಗೆಯಾಯಿತು. ಮರದ ಪೋಲೆಂಡನ್ನು ಪಡೆದು ಇಟ್ಟಿಗೆಯ ಪೋಲೆಂಡನ್ನು ಬಿಟ್ಟುಹೋದ ಎಂಬ ಮಾತು ಅಲ್ಲಿ ಶಾಲೆಯ ಮಕ್ಕಳ ಬಾಯಲ್ಲೂ ಇದೆ. 1335ರಲ್ಲಿ ಕ್ರಾಕೋವ್‌ನ ಮಗ್ಗುಲಲ್ಲೇ, ವಿಸ್ವಾದ ಕವಲುಗಳ ನಡುವೆ, ತನ್ನ ಹೆಸರಿನ ಕಜಿಮಿಯೆಶ್ ಪಟ್ಟಣ ಕಟ್ಟಿದ. ತಂದೆಯ ವಿರುದ್ಧ ಬಂಡೆದ್ದ ಊರಿಗೆ ಎದುರಾಳಿ ಇರಲಿ ಎಂಬ ಎಣಿಕೆಯೂ ಅದರಲ್ಲಿತ್ತೆಂದು ತೋರುತ್ತದೆ. ಯಹೂದಿಗಳಿಗೆ 1264ರಲ್ಲಿ ಒಬ್ಬ ಪ್ಯಾಸ್ಟ್ ಡ್ಯೂಕ್ ಕೊಟ್ಟಿದ್ದ ರಕ್ಷಣೆಯ ಸನ್ನದನ್ನು 1334ರಲ್ಲಿ ಸ್ಥಿರಪಡಿಸಿದ. 1495ರಲ್ಲಿ ಕ್ರಾಕೋವ್‌ನಿಂದ ಯಹೂದಿಗಳನ್ನು ಹೊರಡಿಸಿದಾಗ ಅವರು ನೆಲೆಯೂರಿದ್ದು ಈ ಕಜಿಮಿಯೆಶ್ ಪಟ್ಟಣದಲ್ಲೇ. ನಾಲ್ಕೂವರೆ ಶತಮಾನ ಅದು ಯುರೋಪಿನ ಯಹೂದಿ ಬದುಕಿನ ದೊಡ್ಡ ನೆಲೆಯಾಗಿತ್ತು. ನಾತ್ಸಿಗಳು ಆ ಸಮುದಾಯವನ್ನು ಅಳಿಸಿಹಾಕಿದರು.

1364ರ ಮೇ 12ರಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮಧ್ಯ ಯುರೋಪಿನಲ್ಲಿ ಪ್ರಾಗ್‌ನ ನಂತರ ಎರಡನೆಯದು. ಒಟ್ಟು 11 ಪೀಠಗಳಲ್ಲಿ 8 ಕಾನೂನಿಗೆ, 2 ವೈದ್ಯಕ್ಕೆ, 1 ಉಳಿದ ವಿದ್ಯೆಗಳಿಗೆ. ಚೂರುಗಳನ್ನು ಸೇರಿಸಿ ಹೊಲಿದ ರಾಜ್ಯಕ್ಕೆ ಒಂದೇ ಕಾನೂನು ಬಲ್ಲ ಅಧಿಕಾರಿಗಳು ಎಷ್ಟು ಬೇಕಿತ್ತೆಂದು ಈ ಲೆಕ್ಕವೇ ಹೇಳುತ್ತದೆ. ಗುರುಗಳ ಸಂಬಳ ವಿಯೆಲಿಚ್ಕಾದ ಉಪ್ಪಿನ ಹಣದಿಂದ. ಅದೇ ವರ್ಷ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್, ಹಂಗೇರಿ, ಡೆನ್ಮಾರ್ಕ್, ಸೈಪ್ರಸ್‌ನ ರಾಜರು ಕ್ರಾಕೋವ್‌ನಲ್ಲಿ ಸೇರಿದರು. ನಗರಸಭೆಯ ಪರವಾಗಿ ವಿಯೆಶಿನೆಕ್ ಎಂಬ ವರ್ತಕ ಅವರಿಗೆ ಔತಣ ಕೊಟ್ಟ. 52 ವರ್ಷ ಹಿಂದೆ ರಾಜನಿಗೆ ಶರಣಾದ ಊರಿನ ಒಬ್ಬ ವರ್ತಕ ಈಗ ರಾಜರುಗಳಿಗೆ ಊಟ ಬಡಿಸುತ್ತಿದ್ದ.

ಕಜಿಮಿಯೆಶ್‌ಗೆ ಪಟ್ಟಕ್ಕೆ ಬರುವ ಗಂಡುಮಕ್ಕಳಿರಲಿಲ್ಲ. 1370ರಲ್ಲಿ ಅವನೊಂದಿಗೆ ಪ್ಯಾಸ್ಟರ ರಾಜಪೀಳಿಗೆ ಮುಗಿದು ಕಿರೀಟ ಅಕ್ಕನ ಮಗ, ಹಂಗೇರಿಯ ಲೂಯಿಗೆ ಹೋಯಿತು. ಲೂಯಿಗೂ ಹೆಣ್ಣುಮಕ್ಕಳೇ. ಅವನ ಮಗಳು ಯಾದ್ವಿಗಾ 1384ರ ಅಕ್ಟೋಬರ್ 16ರಂದು ವಾವೆಲ್‌ನಲ್ಲಿ ಪಟ್ಟಕ್ಕೇರಿದಳು. ವಯಸ್ಸು ಹತ್ತರ ಆಸುಪಾಸು. ಅವಳನ್ನು ರಾಣಿಯೆಂದಲ್ಲ, ರಾಜನೆಂದೇ ಅಭಿಷೇಕ ಮಾಡಿದರು. ರಾಜನ ಹೆಂಡತಿಯಾಗಿ ಅಲ್ಲ, ಸ್ವಂತ ಹಕ್ಕಿನಿಂದ ಆಳುವವಳು ಎಂಬುದು ಸ್ಪಷ್ಟವಾಗಲೆಂದು. ಎಳವೆಯಲ್ಲೇ ನಿಶ್ಚಯವಾಗಿದ್ದ ಆಸ್ಟ್ರಿಯಾದ ವಿಲ್ಹೆಲ್ಮ್‌ನ ಸಂಬಂಧವನ್ನು ಸರದಾರರು ಮುರಿದರು. 1386ರ ಫೆಬ್ರವರಿಯಲ್ಲಿ ಲಿಥುವೇನಿಯಾದ ದೊರೆ ಯಗೈಲಾ ಕ್ರಾಕೋವ್‌ಗೆ ಬಂದು ದೀಕ್ಷಾಸ್ನಾನ ಪಡೆದು, ವ್ವಾದಿಸ್ವಾಫ್ ಎಂಬ ಹೆಸರಿಟ್ಟುಕೊಂಡು ಅವಳನ್ನು ಮದುವೆಯಾದ. ಈ ಮದುವೆಯಿಂದ ಯುರೋಪಿನ ದೊಡ್ಡ ರಾಜ್ಯಗಳಲ್ಲೊಂದು ಹುಟ್ಟಿತು. 1410ರಲ್ಲಿ ಗ್ರುನ್ವಾಲ್ಡ್‌ನಲ್ಲಿ ಟ್ಯೂಟಾನಿಕ್ ಯೋಧರು ಸೋತಾಗ ಅವರಿಂದ ಕಿತ್ತ ಬಾವುಟಗಳನ್ನು ತಂದು ತೂಗುಹಾಕಿದ್ದು ವಾವೆಲ್‌ನ ಕೆಥೆಡ್ರಲ್‌ನಲ್ಲಿ.

ಯಾದ್ವಿಗಾ ಅದನ್ನು ನೋಡಲಿಲ್ಲ. 1399ರ ಜುಲೈನಲ್ಲಿ ಹೆರಿಗೆಯ ನಂತರ ಮೊದಲು ಮಗು, ಕೆಲವು ದಿನಕ್ಕೆ ತಾಯಿ ತೀರಿಕೊಂಡರು. ಮಹಾ ಕಜಿಮಿಯೆಶ್‌ನ ನಂತರ ಬಾಡಿಹೋಗಿದ್ದ ವಿಶ್ವವಿದ್ಯಾಲಯಕ್ಕೆ ಅವಳು ತನ್ನ ಒಡವೆಗಳನ್ನು ಬರೆದಿಟ್ಟಿದ್ದಳು. ಅದು 1400ರಲ್ಲಿ ಮತ್ತೆ ತೆರೆಯಿತು. 1491ರಲ್ಲಿ ಅಲ್ಲಿಗೆ ಓದಲು ಬಂದವರಲ್ಲಿ ಕೊಪರ್ನಿಕಸ್ ಒಬ್ಬ. ಅವಳ ಗೋರಿಯಲ್ಲಿ ಸಿಕ್ಕ ರಾಜದಂಡ ಮತ್ತು ಗೋಳ ಚಿನ್ನದವಲ್ಲ. ಚಿನ್ನದ ಲೇಪ ಕೊಟ್ಟ ಮರ ಮತ್ತು ಚರ್ಮ. ಎಲ್ಲವನ್ನೂ ಕೊಟ್ಟುಬಿಟ್ಟಿದ್ದಳೆಂಬುದಕ್ಕೆ ಇದೇ ಗುರುತು ಎಂದು ಕ್ರಾಕೋವ್‌ನವರು ಹೇಳುತ್ತಾರೆ. ಗೋರಿಗೆಂದೇ ಅಗ್ಗದ ಲಾಂಛನ ಮಾಡಿಸುವ ರೂಢಿಯೂ ಆಗ ಇತ್ತು, ಆದ್ದರಿಂದ ಆ ಅರ್ಥವೇ ಖಚಿತವೆನ್ನಲಾಗದು. ಒಡವೆ ಕೊಟ್ಟದ್ದು ಮಾತ್ರ ನಿಜ.

ಆಮೇಲಿನ ಎರಡು ಶತಮಾನ ಊರಿನ ಸಮೃದ್ಧಿಯ ಕಾಲ. ವೈತ್ ಸ್ತ್ವೊಶ್ ಸಂತ ಮೇರಿಯ ಚರ್ಚಿಗೆ 1477ರಿಂದ 1489ರವರೆಗೆ ಕೆತ್ತಿದ ಸುಮಾರು 13 ಮೀಟರ್ ಎತ್ತರದ ಮರದ ಪೂಜಾಪೀಠ ಅದರ ಕಳಸ. ಲಿಥುವೇನಿಯಾದವರೆಗೆ ಹಬ್ಬಿದ ರಾಜ್ಯಕ್ಕೆ ಕ್ರಾಕೋವ್ ಒಂದು ಮೂಲೆಯಾಗಿಬಿಟ್ಟಿತ್ತು. 1595ರಲ್ಲಿ ವಾವೆಲ್ ಅರಮನೆಗೆ ಬೆಂಕಿ ಬಿದ್ದ ಮೇಲೆ ಮೂರನೇ ಜಿಗ್ಮುಂತ್ ಆಸ್ಥಾನವನ್ನು ಮೆಲ್ಲಮೆಲ್ಲನೆ ವಾರ್ಸಾಗೆ ಸಾಗಿಸಿದ.

ರಾಜರು ವಾರ್ಸಾದಲ್ಲಿ ಬದುಕಿದರೂ ಪಟ್ಟಕ್ಕೆ ಮತ್ತು ಮಣ್ಣಿಗೆ ಕ್ರಾಕೋವ್‌ಗೇ ಬರುತ್ತಿದ್ದರು. ವಾವೆಲ್‌ನ ಕೊನೆಯ ಪಟ್ಟಾಭಿಷೇಕ ನಡೆದದ್ದು 1734ರಲ್ಲಿ. ಕೆಥೆಡ್ರಲ್‌ನ ನಟ್ಟನಡುವೆ ಇರುವುದು ಬಿಷಪ್ ಸ್ತನಿಸ್ವಾಫ್‌ನ ಸಮಾಧಿ. ಪಟ್ಟದ ಹಿಂದಿನ ದಿನ ರಾಜನಾಗುವವನು ಕೋಟೆಯಿಂದ ಇಳಿದು, ನದಿಯ ದಂಡೆ ಹಿಡಿದು, ಆ ಬಿಷಪ್‌ನನ್ನು ಕೊಂದ ಸ್ಕಾಲ್ಕಾದವರೆಗೆ ನಡೆದು ಹೋಗಿ, ಹಿಂದೊಬ್ಬ ರಾಜ ಮಾಡಿದ ಪಾಪಕ್ಕೆ ಮಂಡಿಯೂರಿ ಕ್ಷಮೆ ಬೇಡಿ ಬರಬೇಕಿತ್ತು.